ಗೊಡ್ಡೆಮ್ಮೆ ಅನ್ನೋ ಮೊದಲು ಒಂದು ರಾತ್ರಿ ಎದ್ದು ನೋಡ್ರಿ

ಮುದ್ದೇಬಿಹಾಳದಿಂದ ಮಾತಾಡ್ತಿದ್ದೀನಿ. ಇವತ್ತಿನ ಎಪಿಸೋಡ್ ಎಮ್ಮೆ ಬಗ್ಗೆ. ಇಯರ್‌ಫೋನ್ ತೆಗೀಬ್ಯಾಡ್ರಿ, ಇದರಾಗ ರೊಕ್ಕದ ಲೆಕ್ಕಾನೂ ಐತಿ.

ನಮ್ಮ ಮನೆ ಎಮ್ಮೆ ಈದು ಎಂಟು ತಿಂಗಳಾದರೂ ಗಬ್ಬ ಆಗಿರಲಿಲ್ಲ. "ಗೊಡ್ಡ ಆಗೇತಿ, ಸಂತಿಗೆ ಹೊಡಿ" ಅಂದ ಅಪ್ಪ. ನಾನು ಬಿ.ಕಾಂ. ಓದಿದವನು, ಹಾಲು ಕಮ್ಮಿ, ಖರ್ಚು ಜಾಸ್ತಿ ಅಂತ ತಲೆಯಾಡಿಸಿದೆ. ಅವ್ವ ಒಪ್ಪಲಿಲ್ಲ, ಪಶುವೈದ್ಯರನ್ನು ಕರೆಸಿದಳು. ಅವರು ಕೈಹಾಕಿ ಪರೀಕ್ಷೆ ಮಾಡಿ ಹೇಳಿದ್ದಿಷ್ಟು: ಗರ್ಭಕೋಶ ಚೆನ್ನಾಗಿದೆ, ಎಮ್ಮೆ ಬೆದೆಗೆ ಬರುತ್ತಲೇ ಇದೆ, ನೋಡೋರಿಲ್ಲ.

ಆಕಳು ಬೆದೆಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಒದರುತ್ತದೆ, ಬೇರೆ ದನದ ಮೇಲೆ ಹಾರುತ್ತದೆ. ಎಮ್ಮೆ ಹಾಗಲ್ಲ. ಹೆಚ್ಚಾಗಿ ರಾತ್ರಿ ಇಲ್ಲಾ ಬೆಳಗಿನ ಜಾವ, ಸದ್ದೇ ಇಲ್ಲ. ಮೂಕ ಬೆದೆ ಅನ್ನೋದು ಇದಕ್ಕೇ. ತಿಳಿಯಾದ ಅಂಟು ಲೋಳೆ, ಮೇಲಿಂದ ಮೇಲೆ ಉಚ್ಚೆ, ಒಂದು ಹೊತ್ತಿನ ಹಾಲು ಕಮ್ಮಿ, ಇಷ್ಟೇ ಸುಳಿವು. ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಮೇವು, ಹಿಂಡಿಗೆ ದಿನಕ್ಕೆ 150 ರೂಪಾಯಿ ಅಂತ ಹಿಡೀರಿ, ಒಂದು ಬೆದೆ ತಪ್ಪಿದರೆ 3,150 ರೂಪಾಯಿ ಹೋಯ್ತು. ನಮ್ಮದು ಎಷ್ಟು ಸಲ ತಪ್ಪಿತ್ತೋ, ಲೆಕ್ಕ ಹಾಕೋಕೆ ಮನಸಾಗಲಿಲ್ಲ.

ಕೆಲವು ಎಮ್ಮೆ ನಿಜಕ್ಕೂ ಬೆದೆಗೆ ಬರೋದಿಲ್ಲ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಎಮ್ಮೆಯದು ಕರಿ ಚರ್ಮ, ಬೆವರು ಗ್ರಂಥಿ ಆಕಳಿಗಿಂತ ಕಮ್ಮಿ. ಮೈ ಕಾದರೆ ಬೆದೆ ನಿಂತುಬಿಡಬಹುದು. ಕೃಷ್ಣೆ ದಂಡೆಯ ಎಮ್ಮೆ ಹೊಳೆಗಿಳಿಯುತ್ತದೆ, ಊರೊಳಗಿನದು ತಗಡಿನ ಕೆಳಗೆ ಬೇಯುತ್ತದೆ. ನೆರಳು ಮಾಡ್ರಿ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ಮೈಮೇಲೆ ನೀರು ಹಾಕ್ರಿ. ಇನ್ನೊಂದು ಕಾರಣ ಬರೀ ಜೋಳದ ಕಣಿಕಿ. ಹೊಟ್ಟೆ ತುಂಬುತ್ತದೆ, ಆದರೆ ಪ್ರೋಟೀನು, ರಂಜಕ ಸಾಲೋದಿಲ್ಲ. ಹಸಿ ಮೇವು, ಹಿಂಡಿ ಜೊತೆ ದಿನಕ್ಕೆ 50 ಗ್ರಾಂನಷ್ಟು ಖನಿಜ ಮಿಶ್ರಣ ಬೇಕು.

ಈದಾಗ ಮಾಸು ಬೀಳದಿದ್ದರೆ ಗರ್ಭಕೋಶಕ್ಕೆ ಸೋಂಕು ತಗಲುತ್ತದೆ. ಲೋಳೆ ಕೀವಿನಂತಿದ್ದರೆ ಮೊದಲು ಚಿಕಿತ್ಸೆ, ಆಮೇಲೆ ಗರ್ಭಧಾರಣೆ. ದಿನ ತುಂಬದೇ ಕಂದು ಹಾಕಿದರೆ ಮಾತ್ರ ಹುಷಾರು. ಅದು ಬ್ರುಸೆಲ್ಲೋಸಿಸ್ ಇರಬಹುದು, ಮನುಷ್ಯರಿಗೂ ಅಂಟುತ್ತದೆ. ಬರಿಗೈಲಿ ಮುಟ್ಟಬ್ಯಾಡ್ರಿ, ವೈದ್ಯರಿಗೆ ಹೇಳ್ರಿ. ಹೆಣ್ಣುಗರುಗಳಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕುತ್ತಾರೆ.

ನಮ್ಮನೆ ಕಥೆಗೆ ಬರ್ತೀನಿ. ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಅವ್ವ ಎಬ್ಬಿಸಿದಳು: "ಏಳಪಾ, ಎಮ್ಮಿ ಲೋಳಿ ಹಾಕಾಕತ್ತೈತಿ." ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಆವತ್ತೇ ಸಂಜೆ ಮಾಡಿಸಿದೆವು. ಆಮೇಲೆ ಎಮ್ಮೆ ಮತ್ತೆ ಬೆದೆಗೆ ಬಂದಿಲ್ಲ, ಬಂದರೂ ಅವ್ವನ ಕಣ್ಣು ತಪ್ಪಿಸಿರಬೇಕು. ಮುಂದಿನ ವಾರ ಮೂರು ತಿಂಗಳು, ವೈದ್ಯರು ಬಂದು ಕೈಹಾಕಿ ನೋಡ್ತಾರೆ. ಸಂತೆ ಮಾತು ಅಪ್ಪ ಎತ್ತಿಲ್ಲ.