ಡಿಕ್ಕಿಯಲ್ಲಿ ಮೇಣದಬತ್ತಿ

ವಿನ್ನಿಪೆಗ್‌ನ ಕಾರುಗಳಿಗೆ ಬಾಲ ಮುಂದಿರುತ್ತದೆ. ಬಂಪರಿನ ಮೇಲಿನ ಜಾಲರಿಯ ಸಂದಿಯಿಂದ ಗೇಣುದ್ದದ ಕರಿ ವೈರೊಂದು ಹೊರಗೆ ಜೋತಾಡುತ್ತಿರುತ್ತದೆ, ತುದಿಯಲ್ಲಿ ಮೂರು ಪಿನ್ನಿನ ಪ್ಲಗ್. ಅಪಾರ್ಟ್‌ಮೆಂಟುಗಳ ಹಿಂದಿನ ಪಾರ್ಕಿಂಗ್‌ನಲ್ಲಿ ಸಾಲಾಗಿ ಗಿಡ್ಡ ಕಂಬಗಳು, ಕಂಬಕ್ಕೆರಡು ಸಾಕೆಟ್. ಓದಲೆಂದು ಈಚೆಗಷ್ಟೇ ಬಂದ ಧಾರವಾಡದ ಹುಡುಗ ಹಳೇ ಕಾರೊಂದನ್ನು ಕೊಂಡು ತಂದಿದ್ದ. ವೈರು ಎಳೆದು ನೋಡಿದವನೇ ಕೇಳಿದ: “ಅಣ್ಣಾರ, ಪೆಟ್ರೋಲ್ ಗಾಡಿ ಅಂತ ಹೇಳಿ ಕೊಟ್ಟಾರ. ಇದಕ್ಕ ಚಾರ್ಜ್ ಹಚ್ಚೋ ವೈರ್ ಯಾಕ ಐತ್ರಿ?”

“ಚಾರ್ಜಿಗಲ್ಲ ಮಾರಾಯ, ಎಂಜಿನ್ನಿಗೆ ಹೊದಿಕೆ ಇದು” ಎಂದು ಶಿವಮೊಗ್ಗದ ಗೆಳೆಯರು ಬಾನೆಟ್ ಎತ್ತಿದರು.

ಅಕ್ಟೋಬರಿನ ಕೊನೆ. ಬಿಸಿಲಿತ್ತು, ಸ್ವೆಟರ್ ಸಾಕಾಗಿತ್ತು. ಇಷ್ಟು ಹಿತವಾದ ಹವೆಯಲ್ಲಿ ಚಳಿಗಾಲದ ಕೆಲಸಕ್ಕೆ ಕೈಹಾಕುವುದು ಹೊಸಬರಿಗೆ ಅತಿಯಾಯಿತೆನಿಸುತ್ತದೆ. ಹಳಬರು ಮಾತ್ರ ಆಗಲೇ ಟೈರ್ ಅಂಗಡಿಗೆ ಫೋನ್ ಹಚ್ಚಿರುತ್ತಾರೆ. ಮೊದಲ ಹಿಮ ಬಿದ್ದ ದಿನ ಇಡೀ ಊರೇ ಅಲ್ಲಿ ಸಾಲು ನಿಲ್ಲುತ್ತದೆ ಎಂದು ಅವರಿಗೆ ಗೊತ್ತು. ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ರಾಜಧಾನಿ ಇದು. ಬಯಲು ಸೀಮೆ, ಗಾಳಿಗೆ ಅಡ್ಡವಾಗಿ ಒಂದು ಗುಡ್ಡವೂ ಇಲ್ಲ. ಜನವರಿಯ ರಾತ್ರಿಗಳು ಸಾಮಾನ್ಯವಾಗಿ ಮೈನಸ್ 20ರ ಆಚೀಚೆ, ಚಳಿ ಏರಿದಾಗ ಮೈನಸ್ 35. 1879ರ ಡಿಸೆಂಬರ್ 24ರಂದು ಇಲ್ಲಿ ಮೈನಸ್ 47.8 ಡಿಗ್ರಿ ದಾಖಲಾಗಿದೆ. ಆಗ ಕಾರುಗಳಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಆ ವೈರಿನ ಇನ್ನೊಂದು ತುದಿಗೆ, ಎಂಜಿನ್ನಿನ ಮೈಯೊಳಗೆ ಕೂಲಂಟ್ ಹರಿಯುವ ಜಾಗದಲ್ಲಿ, ಪುಟ್ಟ ಹೀಟರೊಂದನ್ನು ಕೂರಿಸಿರುತ್ತಾರೆ. ಬೆಳಿಗ್ಗೆ ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಕರೆಂಟು ಕೊಟ್ಟರೆ ಸಾಕು, ಕೂಲಂಟ್ ಬಿಸಿಯಾಗಿ ಎಂಜಿನ್ ಬೆಚ್ಚಗಾಗುತ್ತದೆ. ಇಡೀ ರಾತ್ರಿ ಹಾಕಿಟ್ಟರೆ ಬಿಲ್ಲು ಮಾತ್ರ ಏರುತ್ತದೆ. ಬಲ್ಲವರು ಟೈಮರ್ ಹಚ್ಚಿ ಮಲಗುತ್ತಾರೆ. ಈ ಜಾಣತನದ ಮೂಲ ಇಲ್ಲಿಂದ ದಕ್ಷಿಣಕ್ಕೆ, ಗಡಿಯಾಚೆ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಊರಲ್ಲಿದೆ. ಅಲ್ಲಿನ ಆ್ಯಂಡ್ರ್ಯೂ ಫ್ರೀಮನ್ ಎಂಬಾತ ಗುಜರಿ ತಾಮ್ರದ ಕೊಳವೆಯನ್ನೂ ಹಳೇ ಇಸ್ತ್ರಿಪೆಟ್ಟಿಗೆಯ ಕಾಯಿಲನ್ನೂ ಜೋಡಿಸಿ ಮೊದಲ ಹೀಟರ್ ಮಾಡಿಕೊಂಡ. 1949ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಚಳಿಗೆ ಬೇಸತ್ತವನಿಗೇ ಇಂಥದ್ದು ಹೊಳೆಯುವುದು.

ಟೈರಿನ ವಿಷಯದಲ್ಲಿ ಗೆಳೆಯರು ಕಟ್ಟುನಿಟ್ಟು. ಹುಡುಗನ ಕಾರಿನಲ್ಲಿದ್ದದ್ದು ಎಲ್ಲ ಕಾಲಕ್ಕೂ ಆದೀತೆಂದು ಮಾರುವ ಜಾತಿಯ ಟೈರು. “ಇದು ಬೆಂಗಳೂರಿನ ಎಲ್ಲ ಕಾಲಕ್ಕೂ ಸರಿ, ಇಲ್ಲಿಯದಕ್ಕಲ್ಲ” ಎಂದರು. ತಾಪಮಾನ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟೈರಿನ ರಬ್ಬರು ಬಿಗಿಯತೊಡಗುತ್ತದೆ. ಮೈನಸ್ 20ರಲ್ಲಿ ಅದು ರಸ್ತೆಯನ್ನು ಹಿಡಿಯುವುದಿಲ್ಲ, ಅದರ ಮೇಲೆ ಜಾರುತ್ತದೆ. ಚಳಿಗಾಲದ ಟೈರನ್ನು ಹೆಬ್ಬೆರಳಿನಿಂದ ಒತ್ತಿದರೆ ಆ ಚಳಿಯಲ್ಲೂ ಸ್ವಲ್ಪ ಬಾಗುತ್ತದೆ. ಅದರ ಗುಬುಟುಗಳ ಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಅಂಕುಡೊಂಕು ಸೀಳುಗಳು. ಗಾಡಿಯ ಭಾರಕ್ಕೆ ಸೀಳುಗಳು ಬಾಯಿ ತೆರೆದು ಮಂಜನ್ನು ಕಚ್ಚಿಕೊಳ್ಳುತ್ತವೆ. ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ಬೆಟ್ಟ, ಬೆಟ್ಟದೊಳಗೊಂದು ಹಿಮದ ಹರಳು: ಆ ಗುರುತಿದ್ದರೆ ಮಾತ್ರ ಕೊಳ್ಳಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇವು ಕಡ್ಡಾಯ. ಮ್ಯಾನಿಟೋಬದಲ್ಲಿ ಅಂಥ ಕಾನೂನಿಲ್ಲ, ಆದರೂ ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಲಿ. ನಾಲ್ಕೂ ಚಕ್ರಕ್ಕೂ ಹಾಕಿಸಬೇಕು. ಎರಡಕ್ಕೆ ಹಾಕಿಸಿ ಜಾಣರಾದೆವೆಂದುಕೊಂಡವರ ಕಾರು ತಿರುವಿನಲ್ಲಿ ಹಿಂದುಮುಂದಾಗುತ್ತದೆ.

ಎಂಥ ಟೈರಾದರೂ ಮೈನಸ್ 35ರ ರಾತ್ರಿ ಕಳೆದರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿಯೇ ಸೆಟೆದಿರುತ್ತದೆ. ಬೆಳಿಗ್ಗೆ ಮೊದಲ ಒಂದೆರಡು ಫರ್ಲಾಂಗು ಕಾರು ಧಡ್ ಧಡ್ ಎಂದು ಕುಣಿಯುತ್ತ ಹೋಗುತ್ತದೆ. ಹೊಸಬರು ಪಂಕ್ಚರ್ ಆಯಿತೆಂದು ಹೌಹಾರಿ ನಿಲ್ಲಿಸಿ, ಇಳಿದು, ಒದ್ದು ನೋಡುವುದುಂಟು.

ಇನ್ನು ಬ್ಯಾಟರಿ. ಮೈನಸ್ 18ರ ಹೊತ್ತಿಗೆ ಅದರ ಕಸುವು ಹೆಚ್ಚುಕಡಿಮೆ ಅರ್ಧಕ್ಕಿಳಿದಿರುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಜೋನಿಬೆಲ್ಲವಾಗಿ, ಸೆಲ್ಫ್ ಹೊಡೆಯಲು ಎಂದಿಗಿಂತ ಹೆಚ್ಚು ಕಸುವು ಬೇಕಾಗುತ್ತದೆ. ಅದಕ್ಕೇ ತೆಳ್ಳನೆಯ ಸಿಂಥೆಟಿಕ್ ಆಯಿಲ್ ಹಾಕಿಸುವುದು. ಬೇಸಿಗೆಯಲ್ಲೇ ಉಬ್ಬಸ ಪಡುತ್ತಿದ್ದ ಬ್ಯಾಟರಿಯನ್ನು ನವೆಂಬರಿಗೆ ಮುಂಚೆ ಬದಲಿಸಿದರೆ ಒಳ್ಳೆಯದು.

ಕೂಲಂಟ್ ಬಗ್ಗೆ ಹುಡುಗನಿಗೊಂದು ಲೆಕ್ಕ ಹೊಳೆಯಿತು: “ನೀರ ಹಾಕದ ಬರೇ ಕೂಲಂಟ್ ತುಂಬಿಸಿಬಿಟ್ರ ಇನ್ನೂ ಗಟ್ಟಿ ಆಗ್ತದಲ್ರೀ?” ಆಗುವುದಿಲ್ಲ. ಅಪ್ಪಟ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಸುಮಾರಿಗೇ ಹೆಪ್ಪುಗಟ್ಟುತ್ತದೆ. ಅರ್ಧಕ್ಕರ್ಧ ನೀರು ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ಗಾಜು ತೊಳೆಯುವ ಡಬ್ಬಿಯಲ್ಲಿ ಮಾತ್ರ ನೀರಿನ ಹನಿಯೂ ಉಳಿದಿರಬಾರದು, ಹೆಪ್ಪುಗಟ್ಟಿ ಡಬ್ಬಿಯೇ ಸೀಳುತ್ತದೆ. ಮೈನಸ್ 40ಕ್ಕೂ ಜಗ್ಗದ ನೀಲಿ ದ್ರವವನ್ನು ಪೆಟ್ರೋಲ್ ಬಂಕಿನಲ್ಲೇ ಕ್ಯಾನುಗಟ್ಟಲೆ ಜೋಡಿಸಿಟ್ಟಿರುತ್ತಾರೆ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಸವರಿದರೆ ಬೆಳಿಗ್ಗೆ ಬಾಗಿಲು ಅಂಟಿಕೊಳ್ಳುವುದಿಲ್ಲ.

ಗೆಳೆಯರು ಇಷ್ಟನ್ನೂ ಮುಗಿಸಿ ಕೀಲಿಕೈ ಕೊಡುವಾಗ ಹುಡುಗನ ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಯಿತು. ನಮ್ಮಲ್ಲಿ ಗಾಡಿ ಕಲಿತವರೆಲ್ಲರ ಕೈಯೂ ಹಾಗೆಯೇ. ಇಲ್ಲಿ ಒದ್ದೆಯಾದ ಬ್ರೇಕಿನ ಕೇಬಲ್ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಚಕ್ರ ಬಿಡುವುದೇ ಇಲ್ಲ. ಸಮತಟ್ಟಾದ ಊರು ಬೇರೆ, ಆಟೊಮ್ಯಾಟಿಕ್ ಗೇರನ್ನು ಪಾರ್ಕಿಗೆ ಹಾಕಿದರೆ ಕಾರು ಎಲ್ಲಿಗೂ ಹೋಗದು.

ನನ್ನನ್ನು ಕೇಳಿದರೆ, ಇದುವರೆಗಿನದೆಲ್ಲ ಕಾರು ಓಡಲಿಕ್ಕೆ. ಕಾರು ನಿಂತರೆ ಬದುಕಲಿಕ್ಕೆ ಬೇಕಾದದ್ದು ಡಿಕ್ಕಿಯಲ್ಲಿರುತ್ತದೆ. ವಿನ್ನಿಪೆಗ್‌ನಿಂದ ಅಮೆರಿಕದ ಗಡಿಗೆ ಹೋಗುವ 75ನೇ ಹೆದ್ದಾರಿಯಲ್ಲಿ, ಆಕಾಶದಿಂದ ಒಂದು ಚೂರೂ ಬೀಳದಿದ್ದರೂ ಹೊಲದ ಹಿಮವನ್ನೇ ಗಾಳಿ ಎಬ್ಬಿಸಿ ತಂದು ದಾರಿ ಅಳಿಸಿಬಿಡುತ್ತದೆ. ಬಾನೆಟ್ಟಿನ ತುದಿ ಕಾಣುವುದಿಲ್ಲ. 1966ರ ಮಾರ್ಚ್ 4ರಂದು ನಗರದೊಳಗೇ ಒಂದಡಿಗೂ ಹೆಚ್ಚು ಹಿಮ ಸುರಿದು, ಬಿರುಗಾಳಿಗೆ ಸಿಕ್ಕಿ ಊರಿಗೆ ಊರೇ ಸ್ತಬ್ಧವಾಗಿತ್ತು.

ಅದಕ್ಕೇ ಡಿಕ್ಕಿಯಲ್ಲಿ ಗಿಡ್ಡ ಹಿಡಿಕೆಯ ಸಲಿಕೆ, ಜಂಪರ್ ಕೇಬಲ್, ಚಕ್ರದಡಿ ಉದುರಿಸಲು ಒಂದು ಚೀಲ ಮರಳು, ಕಂಬಳಿ, ಉಣ್ಣೆಯ ಕಾಲುಚೀಲ, ಕೆಂಪು ಬಟ್ಟೆ. ಕಾಫಿ ಪುಡಿಯ ಖಾಲಿ ತಗಡಿನ ಡಬ್ಬಿಯೊಳಗೆ ದಪ್ಪ ಮೇಣದಬತ್ತಿ, ಕಡ್ಡಿಪೆಟ್ಟಿಗೆ. ಮುಚ್ಚಿದ ಕಾರಿನೊಳಗೆ ಒಂದೇ ಬತ್ತಿಯೂ ಕೊರೆತವನ್ನು ತಕ್ಕಮಟ್ಟಿಗೆ ತಗ್ಗಿಸುತ್ತದೆ, ಅದೇ ಡಬ್ಬಿಯಲ್ಲಿ ಹಿಮ ಕರಗಿಸಿ ಕುಡಿಯಲೂಬಹುದು. ಕಾರು ಬಿಟ್ಟು ನಡೆಯಬಾರದು. ಗಂಟೆಗೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಬೇಕು, ಅದಕ್ಕೆ ಮುಂಚೆ ಇಳಿದು ಹೊಗೆ ಕೊಳವೆಯ ಬಾಯಿಂದ ಹಿಮ ಬಗೆಯಬೇಕು. ಬಗೆಯದಿದ್ದರೆ ಇಂಗಾಲದ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಚಳಿಗಿಂತ ಮುಂಚೆ ಅದು ಕೊಲ್ಲುತ್ತದೆ, ವಾಸನೆಯೂ ಬಾರದೆ. ಬತ್ತಿ ಹಚ್ಚಿದಾಗಲೂ ಎಂಜಿನ್ ಓಡುವಾಗಲೂ ಗಾಳಿ ಹೊಡೆಯದ ಕಡೆಯ ಕಿಟಕಿ ಒಂದು ಬೆರಳಷ್ಟು ತೆರೆದಿರಲಿ.

ಕಡೆಗೆ ಗೆಳೆಯರ ಮನೆಯವರು ಒಂದು ಡಬ್ಬಿ ಕಡಲೆಬೀಜದ ಚಿಕ್ಕಿ ತಂದು ಮರಳಿನ ಚೀಲದ ಪಕ್ಕ ತುರುಕಿದರು. “ಹಸಿವಾಯ್ತು ಅಂತ ನಾಳೆನೇ ತಿಂದು ಮುಗಿಸ್ಬೇಡ ಕಣೋ, ಇದು ಸಿಕ್ಕಿಹಾಕಿಕೊಂಡ್ರೆ ಮಾತ್ರ.”

ಹುಡುಗ ಡಿಕ್ಕಿಯನ್ನೇ ನೋಡುತ್ತ ನಿಂತ. “ಇಷ್ಟೆಲ್ಲ ಇಟ್ಟಮ್ಯಾಲ ಅಕ್ಕಿ ಚೀಲ ಎಲ್ಲಿ ಇಡ್ಲಿ ಅಕ್ಕಾ?”

“ಹಿಂದಿನ ಸೀಟಲ್ಲಿಡು. ಏಪ್ರಿಲ್‌ತನಕ.”