ಮನೆ ಸಾಲ, ಮುಳುಗಿದ ಬ್ಯಾಂಕು ಮತ್ತು ನಮ್ಮ ಹೊಣೆ

ಕಳೆದ ರಾಜ್ಯೋತ್ಸವದ ದಿನ ನಮ್ಮ ಸಂಘದ ಊಟದ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ನಾಲ್ಕೈದು ಮಂದಿ ಹುಡುಗ ಹುಡುಗಿಯರು, ನಮ್ಮ ಕಣ್ಣೆದುರಿಗೇ ಆಡಿ ಬೆಳೆದವರು, ಫ್ಲ್ಯಾಟು ಕೊಳ್ಳುವ ಮಾತು ಆಡುತ್ತಿದ್ದರು. ಒಬ್ಬನಿಗೆ ಗೋತ್ರಿ ಕಡೆ, ಇನ್ನೊಬ್ಬಳಿಗೆ ಅಹಮದಾಬಾದಿನಲ್ಲಿ. ನೌಕರಿ ಹಿಡಿದು ಮೂರು ವರ್ಷವಾಗಿರದ ಮಕ್ಕಳು ಇಪ್ಪತ್ತು ವರ್ಷದ ಕಂತಿನ ಲೆಕ್ಕ ಹಾಕುವುದನ್ನು ಕೇಳಿ ಸಂತೋಷವೂ ಆಯಿತು, ಸ್ವಲ್ಪ ದಿಗಿಲೂ ಆಯಿತು. "ಬಿಲ್ಡರು ಯಾರು, ಏನು, ವಿಚಾರಿಸಿದೆಯೇನಮ್ಮಾ?" ಎಂದು ಕೇಳಿದೆ. ಅವಳು ನಕ್ಕು, "ಆಂಟಿ, ಬ್ಯಾಂಕೇ ಸಾಲ ಕೊಡ್ತಿದೆ ಅಂದ್ಮೇಲೆ ಎಲ್ಲಾ ಸರಿಯಾಗೇ ಇರುತ್ತಲ್ವಾ? ಬ್ಯಾಂಕನ್ನ ನೋಡ್ಕೊಳ್ಳೋಕೆ ಸರ್ಕಾರ ಇದೆಯಲ್ಲ" ಎಂದಳು.

ಬಿಸಿಬೇಳೆಬಾತಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡು ಆ ಮಾತಿಗೆ ಉತ್ತರ ಕೊಡುವುದು ಆಗಲಿಲ್ಲ. ಅಂದು ಹೇಳಲಾಗದ್ದನ್ನು ಇಂದು ಬರೆಯುತ್ತಿದ್ದೇನೆ. ಏಕೆಂದರೆ 2001ರಲ್ಲಿ ನಾವೂ ಅವಳ ಹಾಗೆಯೇ ನಂಬಿದ್ದೆವು.

ಒಂದೇ ವರ್ಷ, ಎರಡು ಕುಸಿತ

2001ರ ಜನವರಿ 26ರ ಬೆಳಿಗ್ಗೆ ಭುಜ್ ಭೂಕಂಪವಾದಾಗ ನಿಮ್ಮಲ್ಲಿ ಹಲವರು ಹುಟ್ಟಿರಲಿಲ್ಲ. ಕಚ್ಛದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಷ್ಟು ದೂರದ ಅಹಮದಾಬಾದಿನಲ್ಲೂ ಹಲವು ಬಹುಮಹಡಿ ಕಟ್ಟಡಗಳು ನೆಲಕಚ್ಚಿದವು. ಪಕ್ಕದ ಕಟ್ಟಡ ನಿಂತಿದೆ, ಇದು ಮಾತ್ರ ಏಕೆ ಬಿತ್ತು ಎಂದು ಜನ ಕೇಳತೊಡಗಿದರು. ನಡುಗಿದ್ದು ಭೂಮಿಯೇ ಆದರೂ ನಕ್ಷೆಗೆ ಒಪ್ಪಿಗೆಯ ಸಹಿ ಹಾಕಿದ್ದು ಮನುಷ್ಯರ ಕೈ ತಾನೆ?

ಇದಾಗಿ ಆರೇಳು ವಾರದಲ್ಲಿ ಎರಡನೆಯ ಕುಸಿತ. ಈ ಬಾರಿ ಬಿದ್ದದ್ದು ಬ್ಯಾಂಕು. ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕಿನ ಬಾಗಿಲ ಮುಂದೆ ಮಾರ್ಚ್ ತಿಂಗಳಲ್ಲಿ ಠೇವಣಿದಾರರು ಮುಗಿಬಿದ್ದರು. ಕೆಲವೇ ದಿನಗಳಲ್ಲಿ ಬ್ಯಾಂಕಿನಲ್ಲಿ ಕೊಡಲು ಹಣವೇ ಉಳಿಯಲಿಲ್ಲ.

ಆದದ್ದು ಇಷ್ಟು. ಮುಂಬೈಯ ಷೇರು ದಲ್ಲಾಳಿ ಕೇತನ್ ಪಾರೇಖ್‌ಗೆ ಈ ಬ್ಯಾಂಕು ನೂರಾರು ಕೋಟಿ ರೂಪಾಯಿ ಸಾಲ ಕೊಟ್ಟಿತ್ತು. ಸಹಕಾರಿ ಬ್ಯಾಂಕುಗಳು ಷೇರು ದಲ್ಲಾಳಿಗಳಿಗೆ ಸಾಲ ಕೊಡಕೂಡದೆಂಬ ನಿಯಮ ಆಗಲೂ ಇತ್ತು. ಸಾಲದ್ದಕ್ಕೆ ಪೇ ಆರ್ಡರುಗಳನ್ನೂ ಬರೆದುಕೊಟ್ಟಿತು. ಪೇ ಆರ್ಡರ್ ಎಂದರೆ 'ಹಣ ನಮ್ಮ ಕೈಸೇರಿದೆ, ನಾವು ಕೊಡುತ್ತೇವೆ' ಎಂದು ಬ್ಯಾಂಕೇ ಬರೆದುಕೊಡುವ ಮಾತು. ಇಲ್ಲಿ ಹಣ ಬರುವ ಮೊದಲೇ ಮಾತು ಕೊಟ್ಟಾಗಿತ್ತು! ಅಂಥ 137 ಕೋಟಿ ರೂಪಾಯಿಯ ಪೇ ಆರ್ಡರುಗಳನ್ನು ನಂಬಿ ಬ್ಯಾಂಕ್ ಆಫ್ ಇಂಡಿಯಾ ಹಣ ಕೊಟ್ಟಿತು. ಪೇ ಆರ್ಡರುಗಳು ಪಾವತಿಯಾಗದೆ ಹಿಂದಿರುಗಿದವು. ಷೇರುಪೇಟೆ ಇಳಿದಿತ್ತು, ಗುಟ್ಟು ರಟ್ಟಾಯಿತು.

ಮಾಧವಪುರದಲ್ಲಿ ಸಾಮಾನ್ಯ ಜನರಷ್ಟೇ ಅಲ್ಲ, ಗುಜರಾತಿನ ಅನೇಕ ಸಣ್ಣ ಸಹಕಾರಿ ಬ್ಯಾಂಕುಗಳೂ ಠೇವಣಿ ಇಟ್ಟಿದ್ದವು. ಹೀಗಾಗಿ ಏಟು ಊರೂರಿಗೆ ಹಬ್ಬಿತು. ಆನಂದದ ಚರೋತರ್ ನಾಗರಿಕ, ವಿಸನಗರದ ನಾಗರಿಕ ಸಹಕಾರಿ ಬ್ಯಾಂಕುಗಳು ಮುಂದಿನ ಎರಡು ಮೂರು ವರ್ಷಗಳಲ್ಲಿ ಮುಳುಗಿದವು. ಮಾಧವಪುರದ ಪರವಾನಗಿ ರದ್ದಾದದ್ದು 2012ರ ಜೂನ್‌ನಲ್ಲಿ, ಅಂದರೆ ಹನ್ನೊಂದು ವರ್ಷಗಳ ಮೇಲೆ.

ನಮ್ಮ ಮನೆಯ ಲೆಕ್ಕ

ನಮ್ಮ ಠೇವಣಿ ಇದ್ದದ್ದು ಬೇರೊಂದು ಸಹಕಾರಿ ಬ್ಯಾಂಕಿನಲ್ಲಿ. ಹೆಸರು ಬೇಡ. ಕೊಯಾಲಿಯ ಕ್ವಾರ್ಟರ್ಸಿನಲ್ಲಿದ್ದುಕೊಂಡು, ವಡೋದರದಲ್ಲಿ ಎರಡು ಕೋಣೆಯ ಸ್ವಂತ ಮನೆ ಮಾಡಬೇಕೆಂದು ಏಳು ವರ್ಷ ಕೂಡಿಟ್ಟ 1,60,000 ರೂಪಾಯಿ ಅದು. ಸರ್ಕಾರಿ ಬ್ಯಾಂಕಿಗಿಂತ ಅಲ್ಲಿ ಬಡ್ಡಿ ಶೇಕಡಾ ಎರಡು ಹೆಚ್ಚು. ಪಕ್ಕದ ಮನೆಯ ಗುಜರಾತಿ ಬಾ ಕೂಡ ಅಲ್ಲೇ ಇಟ್ಟಿದ್ದರು. ಇಡೀ ಬೀದಿ ಅಲ್ಲೇ ಇಟ್ಟಿತ್ತು. ಹೆಚ್ಚಿನ ಬಡ್ಡಿ ಎಲ್ಲಿಂದ ಬರುತ್ತದೆ ಎಂದು ನಾವು ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ, ಒಬ್ಬರಿಗೆ 1,000 ರೂಪಾಯಿ ಮಾತ್ರ ಎಂದು ಬಾಗಿಲಿಗೆ ಕಾಗದ ಅಂಟಿಸಿದ್ದರು. ಬಾ ಆ ಕಾಗದದ ಮುಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತದ್ದು ನನಗಿನ್ನೂ ಮರೆತಿಲ್ಲ. ಅವರದು ಮಗಳ ಮದುವೆಯ ಹಣ. ಠೇವಣಿ ವಿಮೆಯ ಒಂದು ಲಕ್ಷ ನಮ್ಮ ಕೈಸೇರಲು ವರ್ಷಗಳೇ ಹಿಡಿದವು. ಉಳಿದ 60,000 ಬರಲೇ ಇಲ್ಲ. ಅಷ್ಟರಲ್ಲಿ ನಾವು ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಗಿ, ಅದರ ಬೆಲೆ ನಮ್ಮ ಕೈಗೆಟುಕದಷ್ಟಾಗಿತ್ತು.

ಎರಡು ಯಜಮಾನರ ಮನೆ

'ಬೇಲಿಯೇ ಎದ್ದು ಹೊಲ ಮೇಯ್ದರೆ' ಎಂಬ ಗಾದೆ ನೀವು ಕೇಳಿರಬಹುದು. ಇಲ್ಲಿ ಬೇಲಿ ಹೊಲ ಮೇಯಲಿಲ್ಲ. ಆದರೆ ಬೇಲಿ ಯಾರದು ಎಂಬುದೇ ತೀರ್ಮಾನವಾಗಿರಲಿಲ್ಲ. ನಮ್ಮ ಸಂವಿಧಾನದಲ್ಲಿ 'ಬ್ಯಾಂಕು' ಕೇಂದ್ರದ ಪಟ್ಟಿಯಲ್ಲಿದೆ, 'ಸಹಕಾರ ಸಂಘ' ರಾಜ್ಯದ ಪಟ್ಟಿಯಲ್ಲಿದೆ. ಸಹಕಾರಿ ಬ್ಯಾಂಕು ಎರಡೂ ಹೌದು. 1966ರ ಮಾರ್ಚ್ 1ರಿಂದ ಬ್ಯಾಂಕಿಂಗ್ ವ್ಯವಹಾರವನ್ನು ರಿಸರ್ವ್ ಬ್ಯಾಂಕ್ ನೋಡಬೇಕಿತ್ತು. ಚುನಾವಣೆ, ಆಡಳಿತ ಮಂಡಳಿ, ಮಂಡಳಿಯ ವಿಸರ್ಜನೆ ಇವನ್ನೆಲ್ಲ ಸಹಕಾರ ಇಲಾಖೆಯ ರಿಜಿಸ್ಟ್ರಾರ್ ನೋಡಬೇಕಿತ್ತು. ತಪ್ಪು ಕಂಡವರಿಗೆ ಆಡಳಿತ ಮಂಡಳಿಯನ್ನು ತೆಗೆಯುವ ಅಧಿಕಾರವಿರಲಿಲ್ಲ. ತೆಗೆಯುವ ಅಧಿಕಾರವಿದ್ದವರಿಗೆ ತಪ್ಪು ನೋಡುವ ಕಣ್ಣಿರಲಿಲ್ಲ.

ಈ ಗೊಂದಲ ಯಾರಿಗೂ ತಿಳಿಯದ್ದೇನಲ್ಲ. ಮಾಧವಪುರ ಬೀಳುವುದಕ್ಕೆ ಮುನ್ನವೇ, 1999ರಲ್ಲಿ, ಕೆ. ಮಾಧವ ರಾವ್ ಅವರ ಸಮಿತಿ ಈ ಇಬ್ಬಗೆಯ ಹಿಡಿತವನ್ನು ಕೊನೆಗಾಣಿಸಬೇಕೆಂದು ಸಲಹೆ ಮಾಡಿತ್ತು. ಅದಕ್ಕೆ ಕಾನೂನು ಬದಲಾಗಬೇಕು. ಕಾನೂನು ಬದಲಿಸುವುದು ಅಧಿಕಾರಿಗಳ ಕೆಲಸವಲ್ಲ, ನಾವು ಆರಿಸಿ ಕಳಿಸಿದವರ ಕೆಲಸ. ಆದರೆ ನಮ್ಮ ದೇಶದಲ್ಲಿ ಸಹಕಾರಿ ಬ್ಯಾಂಕಿನ ಆಡಳಿತ ಮಂಡಳಿ ಎಂದರೆ ಬಹಳ ಕಡೆ ಊರ ರಾಜಕಾರಣದ ಮೊದಲ ಮೆಟ್ಟಿಲು. ಆ ಮೆಟ್ಟಿಲನ್ನು ಕೈಬಿಡಲು ಯಾವ ಪಕ್ಷಕ್ಕೂ ಆತುರವಿರಲಿಲ್ಲ. 2001ರ ಏಪ್ರಿಲ್‌ನಲ್ಲಿ ರಚನೆಯಾದ ಜಂಟಿ ಸಂಸದೀಯ ಸಮಿತಿ 2002ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟು ನಿಯಂತ್ರಕರ ಲೋಪಗಳನ್ನು ಎತ್ತಿ ತೋರಿಸಿತು. 2005ರಲ್ಲಿ ಗುಜರಾತ್, ಕರ್ನಾಟಕ, ಆಂಧ್ರ ರಾಜ್ಯಗಳು ರಿಸರ್ವ್ ಬ್ಯಾಂಕಿನೊಡನೆ ಒಪ್ಪಂದ ಮಾಡಿಕೊಂಡವು. ಆದರೆ ಕಾನೂನು ಬದಲಾಗಲು 2020 ಬರಬೇಕಾಯಿತು!

ಅಮೆರಿಕದಲ್ಲೂ ಅದೇ ಪ್ರಶ್ನೆ

ಇದು ಬಡ ದೇಶದ ಕಥೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಮನೆಗಳ ಬೆಲೆ ಏರುತ್ತಲೇ ಹೋಗುತ್ತದೆಂಬ ಭ್ರಮೆಯಲ್ಲಿ, ಸಂಬಳದ ಚೀಟಿಯನ್ನೂ ಕೇಳದೆ ಸಾಲ ಕೊಟ್ಟರು. ಕೊಟ್ಟವರು ಆ ಸಾಲವನ್ನು ಬೇರೆಯವರಿಗೆ ಮಾರಿ ಕೈತೊಳೆದುಕೊಂಡರು. 2006ರಲ್ಲಿ ಬೆಲೆ ಶಿಖರ ಮುಟ್ಟಿ ಇಳಿಯತೊಡಗಿತು. 2008ರ ಸೆಪ್ಟೆಂಬರ್ 7ರಂದು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೈತ್ಯ ಗೃಹಸಾಲ ಸಂಸ್ಥೆಗಳನ್ನು ಸರ್ಕಾರವೇ ವಹಿಸಿಕೊಂಡಿತು. 15ರಂದು ಲೇಮನ್ ಬ್ರದರ್ಸ್ ದಿವಾಳಿಯಾಯಿತು.

ಹೊಣೆ ಯಾರದು? ಸಾಮಾನ್ಯ ಬ್ಯಾಂಕಿಗೂ ಷೇರು ವ್ಯವಹಾರದ ಬ್ಯಾಂಕಿಗೂ ನಡುವೆ 1933ರಿಂದ ಇದ್ದ ಗೋಡೆಯನ್ನು 1999ರಲ್ಲಿ ಕೆಡವಿದ ಕಾನೂನಿಗೆ ಸಹಿ ಹಾಕಿದವರು ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಕ್ಲಿಂಟನ್. ಅದನ್ನು ತಂದ ಸಂಸತ್ತಿನಲ್ಲಿ ಬಹುಮತ ರಿಪಬ್ಲಿಕನ್ನರದು. ಎಲ್ಲರಿಗೂ ಸ್ವಂತ ಮನೆ ಎಂಬ ಮಾತು ಎರಡೂ ಪಕ್ಷಗಳಿಗೆ ಪ್ರಿಯವಾಗಿತ್ತು. ಮೋಸದ ಗೃಹಸಾಲಗಳನ್ನು ತಡೆಯುವ ಅಧಿಕಾರ ಅಲ್ಲಿಯ ಕೇಂದ್ರ ಬ್ಯಾಂಕಿಗೆ 1994ರಲ್ಲೇ ಸಿಕ್ಕಿತ್ತು. ಅದನ್ನು ಸರಿಯಾಗಿ ಬಳಸಿ ನಿಯಮ ಮಾಡಿದ್ದು 2008ರಲ್ಲಿ. ಹದಿನೆಂಟು ವರ್ಷ ಅದರ ಮುಖ್ಯಸ್ಥರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್, 2008ರ ಅಕ್ಟೋಬರ್ 23ರಂದು ಸಂಸದರ ಮುಂದೆ ಕುಳಿತು, ತಮ್ಮ ನಂಬಿಕೆಯಲ್ಲಿ ದೋಷವಿತ್ತೆಂದು ಒಪ್ಪಿಕೊಂಡರು. ತನಿಖಾ ಆಯೋಗ 2011ರಲ್ಲಿ ಈ ಅನಾಹುತವನ್ನು ತಪ್ಪಿಸಬಹುದಾಗಿತ್ತೆಂದು ಹೇಳಿತು; ಆದರೆ ಹತ್ತು ಸದಸ್ಯರಲ್ಲಿ ಒಪ್ಪಿದವರು ಆರು ಮಂದಿ ಮಾತ್ರ. ಹೊಣೆಯ ಮಾತು ಬಂದಾಗ ಅಲ್ಲಿಯೂ ಪಕ್ಷಗಳು ಬೇರೆ ಬೇರೆ ದಾರಿ ಹಿಡಿದವು.

ಅದೇ ಕಾಲದಲ್ಲಿ ನಮ್ಮಲ್ಲಿ ಒಬ್ಬರು ಮುಂಚೆಯೇ ಎಚ್ಚೆತ್ತಿದ್ದರು. ರಿಸರ್ವ್ ಬ್ಯಾಂಕಿನ ಗವರ್ನರ್ ವೈ.ವಿ. ರೆಡ್ಡಿ ಅವರು ವಾಣಿಜ್ಯ ಕಟ್ಟಡಗಳ ಸಾಲಕ್ಕೆ ಬ್ಯಾಂಕುಗಳು ಎತ್ತಿಡಬೇಕಾದ ಸ್ವಂತ ಬಂಡವಾಳವನ್ನು 2005, 2006ರಲ್ಲಿ ಹೆಚ್ಚಿಸಿದರು. 100 ರೂಪಾಯಿ ಸಾಲಕ್ಕೆ 9 ರೂಪಾಯಿ ಇಡುತ್ತಿದ್ದ ಬ್ಯಾಂಕು 13 ರೂಪಾಯಿ 50 ಪೈಸೆ ಇಡಬೇಕಾಯಿತು. ಬೆಲೆ ಏರುತ್ತಿರುವಾಗ ಹಗ್ಗ ಬಿಗಿಯುವವನನ್ನು ಯಾರೂ ಮೆಚ್ಚುವುದಿಲ್ಲ. 2008ರ ಬಿರುಗಾಳಿಯಲ್ಲಿ ನಮ್ಮ ಬ್ಯಾಂಕುಗಳು ನಿಂತದ್ದಕ್ಕೆ ಅಂಥ ಕ್ರಮಗಳೂ ಒಂದು ಕಾರಣ.

ಪಾಠ ಕಲಿತೆವೇ?

ಪೂರ್ತಿ ಕಲಿಯಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಮುಂಬೈಯ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿಗೆ ಬೀಗ ಬಿದ್ದಾಗ, ಅದರ ಸಾಲದಲ್ಲಿ ಶೇಕಡಾ 70ಕ್ಕೂ ಹೆಚ್ಚು ಎಚ್.ಡಿ.ಐ.ಎಲ್. ಎಂಬ ಒಂದೇ ಬಿಲ್ಡರ್ ಸಮೂಹದ ಪಾಲಾಗಿತ್ತು. ಅದನ್ನು ಮುಚ್ಚಿಡಲು ಸುಮಾರು 21,000 ಸುಳ್ಳು ಖಾತೆಗಳಿದ್ದವು. ಠೇವಣಿದಾರರಿಗೆ ಮೊದಲು ಸಿಕ್ಕ ಅನುಮತಿ ಮತ್ತೆ ಅದೇ 1,000 ರೂಪಾಯಿ! ಪತ್ರಿಕೆಯಲ್ಲಿ ಆ ಸಂಖ್ಯೆ ಓದಿದಾಗ ನನ್ನ ಕೈ ನಡುಗಿತು. 2022ರ ಜನವರಿಯಲ್ಲಿ ಅದು ಯೂನಿಟಿ ಬ್ಯಾಂಕಿನೊಡನೆ ವಿಲೀನವಾಯಿತು. ದೊಡ್ಡ ಮೊತ್ತ ಇಟ್ಟಿದ್ದವರ ಹಣ ಹತ್ತು ವರ್ಷಗಳಿಗೆ ಹಂಚಿಹೋಯಿತು. 2020ರ ಜನವರಿಯಲ್ಲಿ ಬೆಂಗಳೂರು ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಸರದಿ. ಅಲ್ಲಿ 35,000 ರೂಪಾಯಿಯ ಮಿತಿ; ಸಾಲಿನಲ್ಲಿ ನಿಂತವರಲ್ಲಿ ಪಿಂಚಣಿಯ ಹಣ ಇಟ್ಟ ಹಿರಿಯರೇ ಬಹಳ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಹಾಗೆ, 1993ರಿಂದ ಒಂದು ಲಕ್ಷದಲ್ಲೇ ನಿಂತಿದ್ದ ಠೇವಣಿ ವಿಮೆ 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಅದೇ ವರ್ಷ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಅಧಿಕಾರ ಕೊಡುವ ಕಾನೂನು ಬಂತು. 2021ರಲ್ಲಿ, ಹೀಗೆ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ತಿದ್ದುಪಡಿಯಾಯಿತು. ತಡವಾದರೂ ಇವು ಒಳ್ಳೆಯ ಕೆಲಸಗಳೇ; ಮಾಡಿದವರಿಗೆ ಶ್ರೇಯಸ್ಸು ಸಲ್ಲಬೇಕು. ಆದರೆ ತಡವಾದ ಇಪ್ಪತ್ತು ವರ್ಷಗಳಿಗೆ ಯಾರೂ ಉತ್ತರ ಕೊಟ್ಟಿಲ್ಲವೆಂಬುದನ್ನೂ ಮರೆಯಬಾರದು.

ನಮ್ಮ ಪಾಲಿನ ಹೊಣೆ

ರಾಜಕೀಯ ಹೊಣೆ ಎಂದರೆ ಮಂತ್ರಿಗಳನ್ನು ಬೈಯುವುದಷ್ಟೇ ಎಂದು ನಾನೂ ತಿಳಿದಿದ್ದೆ. ಒಂದು ಸಂಗತಿ ಹೇಳುತ್ತೇನೆ. ಸಹಕಾರಿ ಬ್ಯಾಂಕಿನಲ್ಲಿ ಷೇರುದಾರ ಎಂದರೆ ಒಡೆಯ. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದು ಮತ. ನಾವೂ ಷೇರುದಾರರಾಗಿದ್ದೆವು. 2000ದ ವಾರ್ಷಿಕ ಸಭೆಗೆ ನಾನೇ ಹೋಗಿದ್ದೆ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರೆ ಒಂದು ಸ್ಟೀಲ್ ಡಬ್ಬಿ ಉಡುಗೊರೆ. ಸಹಿ ಹಾಕಿದೆ, ಡಬ್ಬಿ ತೆಗೆದುಕೊಂಡೆ, ಲೆಕ್ಕಪತ್ರ ಓದುವ ಮೊದಲೇ ಬಸ್ಸು ಹಿಡಿದು ಮನೆಗೆ ಬಂದೆ. ಇಂಗ್ಲಿಷಿನಲ್ಲಿ ಬಿ.ಎ. ಓದಿದವಳು ನಾನು; ಕೈಗೆ ಕೊಟ್ಟ ವರದಿಯ ಒಂದು ಪುಟ ತಿರುವಲಿಲ್ಲ. ಮುಳುಗಿಸಿದವರು ಬೇರೆ ಇರಬಹುದು, ಆದರೆ ಕೇಳಬೇಕಾದ ಜಾಗದಲ್ಲಿ ನಾನು ಕೇಳಲಿಲ್ಲ.

ಆದ್ದರಿಂದ ಮಕ್ಕಳೇ, ಮನೆ ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ಬ್ಯಾಂಕು ನೋಡುವುದು ನೀವು ಸಾಲ ತೀರಿಸಬಲ್ಲಿರಾ ಎಂಬುದನ್ನು. ಬಿಲ್ಡರು ಮನೆ ಮುಗಿಸಬಲ್ಲನೇ ಎಂಬುದನ್ನು ನೀವೇ ನೋಡಬೇಕು. 2016ರ ರೇರಾ ಕಾನೂನಿನ ಪ್ರಕಾರ ಯೋಜನೆ ನೋಂದಣಿಯಾಗಿದೆಯೇ, ಕೊಳ್ಳುವವರ ಹಣದಲ್ಲಿ ಶೇಕಡಾ 70 ಬೇರೆ ಖಾತೆಯಲ್ಲಿ ಇಟ್ಟಿದ್ದಾರೆಯೇ, ಕೇಳಿ. ಕಟ್ಟಡ ಏಳುವ ಮೊದಲೇ ಪೂರ್ತಿ ಸಾಲವನ್ನು ಬಿಲ್ಡರಿಗೆ ಕೊಡಿಸುವ ಆಕರ್ಷಕ ಯೋಜನೆಗಳಿಂದ ದೂರವಿರಿ. 2013ರಲ್ಲೇ ರಿಸರ್ವ್ ಬ್ಯಾಂಕು ಕಟ್ಟಡದ ಹಂತಕ್ಕೆ ತಕ್ಕಂತೆ ಹಣ ಬಿಡಬೇಕೆಂದು ಬ್ಯಾಂಕುಗಳಿಗೆ ಹೇಳಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಐದು ಲಕ್ಷಕ್ಕಿಂತ ಹೆಚ್ಚಿನ ಉಳಿತಾಯವನ್ನು ಒಂದೇ ಬ್ಯಾಂಕಿನಲ್ಲಿಡಬೇಡಿ.

ಇನ್ನು ಮತ ಕೇಳಲು ಬಂದವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನೀವು ಯಾವ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದೀರಿ? ಅಲ್ಲಿಂದ ಯಾರಿಗೆ ಸಾಲ ಹೋಗಿದೆ? ಪಕ್ಷ ಯಾವುದೇ ಇರಲಿ, ಪ್ರಶ್ನೆ ಒಂದೇ ಇರಲಿ. ನಾವು ಈ ನಾಡಿಗೆ ಬಂದವರು, ನಮಗೇಕೆ ಇಲ್ಲಿಯ ರಾಜಕೀಯ ಎಂದು ನಮ್ಮ ಪೀಳಿಗೆ ಸುಮ್ಮನಿತ್ತು. ನೀವು ಇಲ್ಲೇ ಹುಟ್ಟಿದವರು, ನಿಮ್ಮ ಮತ ಇಲ್ಲಿದೆ, ನಿಮ್ಮ ಮನೆಯೂ ಇಲ್ಲೇ ಏಳಲಿದೆ.

ಆ ಸ್ಟೀಲ್ ಡಬ್ಬಿ ಈಗಲೂ ನನ್ನ ಅಡುಗೆಮನೆಯಲ್ಲಿದೆ. ಮೆಂತ್ಯ ಹಾಕಿಟ್ಟಿದ್ದೇನೆ. ಮುಚ್ಚಳದ ಮೇಲೆ ಬ್ಯಾಂಕಿನ ಹೆಸರು ಅರ್ಧ ಅಳಿಸಿಹೋಗಿದೆ. ಮುಂದಿನ ಸಲ ಆ ಹುಡುಗಿ ಮನೆಗೆ ಬಂದಾಗ ತೆಗೆದು ತೋರಿಸಬೇಕೆಂದಿದ್ದೇನೆ: ನೋಡಮ್ಮ, ಓದದೆ ಸಹಿ ಹಾಕಿದ್ದಕ್ಕೆ ನನಗೆ ಸಿಕ್ಕದ್ದು ಇಷ್ಟು.