ಮರದ ಪೆಟ್ಟಿಗೆಗೆ ಕರೆಂಟು ಕೊಟ್ಟಾಗ

"ಕನ್ನಡ ಸಂಘದ ಸಂಚಿಕೆಗೆ ಗಿಟಾರಿನ ಮೇಲೆ ಲೇಖನವೇ?" ಎಂದು ಸಂಪಾದಕ ಮಹಾಶಯರು ಹುಬ್ಬೇರಿಸಿದರು. ಏರಿದ ಹುಬ್ಬು ಇಳಿಯುವುದಕ್ಕೆ ಮುಂಚೆಯೇ ವಿಷಯಕ್ಕೆ ಬಂದುಬಿಡುತ್ತೇನೆ. ನಮ್ಮ ಹಾಸ್ಟೆಲಿನ ತಾರಸಿಯ ಮೇಲೆ ರಾತ್ರಿ ಹನ್ನೊಂದು ದಾಟಿದ ಮೇಲೆ ಕೇಳಿಬರುವ ಹಾಡುಗಳಲ್ಲಿ ಅರ್ಧಕ್ಕರ್ಧ ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' 1976ರದು. ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' 1975ರದು. ಲೆಡ್ ಜೆಪ್ಪೆಲಿನ್‌ನ 'ಸ್ಟೇರ್‌ವೇ ಟು ಹೆವನ್' 1971ರದು. ದೀಪಾವಳಿಗೆ ಬಂದ ಸಿನಿಮಾ ಹಾಡನ್ನು ಯುಗಾದಿಗೆ ಯಾರೂ ಕೇಳೋದಿಲ್ಲ. ಇವು ಮಾತ್ರ ಯಾಕೆ ಹೀಗೆ ಜಪ್ಪಯ್ಯ ಅಂದರೂ ಹೋಗುತ್ತಿಲ್ಲ? ಉದ್ದ ಕೂದಲು, ಆ ಕಾಲದ ಬಂಡಾಯ, ವಿಯೆಟ್ನಾಂ ಯುದ್ಧ ಅಂತೆಲ್ಲ ವಿವರಣೆ ಕೊಡುವವರಿದ್ದಾರೆ. ನನಗೆ ಕಂಡ ಉತ್ತರ ವಾದ್ಯದ ಕಡೆಯಿಂದ ಬರುತ್ತದೆ. ಅದಕ್ಕೆ ಸ್ವಲ್ಪ ಭೌತಶಾಸ್ತ್ರ ಬೇಕು, ಸಹಿಸಿಕೊಳ್ಳಿ.

ಗಿಟಾರಿನ ತಂತಿಗೆ ತನ್ನದು ಅನ್ನುವ ದನಿ ಇಲ್ಲವೇ ಇಲ್ಲ ಅನ್ನಬಹುದು. ಗೋಡೆಗೆ ಎರಡು ಮೊಳೆ ಹೊಡೆದು ಮಧ್ಯೆ ತಂತಿ ಬಿಗಿದು ಮೀಟಿ ನೋಡಿ, ಸೊಳ್ಳೆಯಷ್ಟು ಸದ್ದು. ಅಷ್ಟು ಸಣ್ಣ ವಸ್ತು ಗಾಳಿಯನ್ನು ಸೀಳಿಕೊಂಡು ಆಡುತ್ತದೆಯೇ ಹೊರತು ತಳ್ಳುವುದಿಲ್ಲ. ಗಾಳಿಯನ್ನು ತಳ್ಳುವುದಕ್ಕೆ ಅಗಲವಾದ ಹಲಗೆ ಬೇಕು. ವೀಣೆಯಲ್ಲಿ ನಾವು ಕುದುರೆ ಅನ್ನುತ್ತೇವಲ್ಲ, ಗಿಟಾರಿನಲ್ಲೂ ಅಂಥದೇ ಒಂದು ಕುದುರೆ ತಂತಿಯ ನಡುಕವನ್ನು ಮೇಲ್ಹಲಗೆಗೆ ದಾಟಿಸುತ್ತದೆ. ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು, ದಪ್ಪ ಮೂರು ಮಿಲಿಮೀಟರಿನ ಆಸುಪಾಸು. ಅದು ನಡುಗಿದರೆ ಪೆಟ್ಟಿಗೆಯೊಳಗಿನ ಗಾಳಿಯೂ ನಡುಗಿ ತೂತಿನ ಮೂಲಕ ಉಸಿರಾಡುತ್ತದೆ. ಅಕೂಸ್ಟಿಕ್ ಗಿಟಾರು ಅಂದರೆ ಇಷ್ಟೇ. ಒಂದು ಕೋಣೆಗೆ ಧಾರಾಳವಾಯ್ತು. ಡ್ರಮ್ಮಿನವನ ಪಕ್ಕದಲ್ಲಿ ಮಾತ್ರ ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ.

ಮುಂದೊಂದು ಮೈಕು ಇಟ್ಟರೆ ಆಯ್ತಲ್ಲ ಅಂತೀರಿ. 1969ರ ಆಗಸ್ಟ್ 15ರಂದು ಅಮೆರಿಕದ ವುಡ್‌ಸ್ಟಾಕ್ ಉತ್ಸವವನ್ನು ಶುರುಮಾಡಿದ ರಿಚೀ ಹೇವನ್ಸ್ ಅಕೂಸ್ಟಿಕ್ ಗಿಟಾರನ್ನು ಮೈಕಿನ ಮುಂದೆ ಹಿಡಿದೇ ಮೈದಾನ ತುಂಬಿದ ಜನಕ್ಕೆ ಹಾಡಿದ. ಆದರೆ ಮೈಕಿನ ಮುಂದೆ ಕೂತವನು ಹಸೆಮಣೆ ಏರಿದ ಮದುಮಗನ ಹಾಗೆ ಅಲುಗಾಡಬಾರದು. ಮೈಕಿಗೋ ಯಾರ ಸದ್ದಾದರೂ ಒಂದೇ. ಪಕ್ಕದವನ ಡ್ರಮ್ಮನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತದೆ. ಧ್ವನಿ ಏರಿಸಿದರೆ ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ಹೊಕ್ಕು, ಮತ್ತೆ ಸ್ಪೀಕರಿಗೆ ಹೋಗಿ, ಗಣೇಶನ ಪೆಂಡಾಲಿನಲ್ಲಿ ನಾವೆಲ್ಲ ಕಿವಿ ಮುಚ್ಚಿಕೊಳ್ಳುವ ಆ ಊಳು ಏಳುತ್ತದೆ.

ಇನ್ನೊಂದು ದಾರಿ ಅಯಸ್ಕಾಂತದ್ದು. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಫ್ಯಾರಡೆ ಸಾಹೇಬರ ನಿಯಮ ಕಡೆಗೂ ಒಂದು ಕೆಲಸಕ್ಕೆ ಬಂತು ನೋಡಿ. ಇಲೆಕ್ಟ್ರಿಕ್ ಗಿಟಾರು ನಿಂತಿರುವುದೇ ಇದರ ಮೇಲೆ. ಗಿಬ್ಸನ್ ಕಂಪನಿ 1954ರಲ್ಲಿ ಜೆ-160ಇ ಅನ್ನುವ ಅಕೂಸ್ಟಿಕ್ ಗಿಟಾರಿಗೂ ಇಂಥ ಪಿಕಪ್ಪನ್ನು ಕೂರಿಸಿತು. 1962ರಲ್ಲಿ ಬೀಟಲ್ಸ್‌ನ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಇಬ್ಬರೂ ಒಂದೊಂದು ಕೊಂಡರು. 1964ರ 'ಐ ಫೀಲ್ ಫೈನ್' ಹಾಡಿನ ಮೊದಲಲ್ಲಿ ಒಂದು ವಿಚಿತ್ರ ಝೇಂಕಾರ ಕೇಳಿಸುತ್ತದಲ್ಲ, ಅದು ಆಂಪ್ಲಿಫೈಯರಿಗೆ ಒರಗಿಸಿದ್ದ ಲೆನನ್ನನ ಇದೇ ಗಿಟಾರು ಹಾಕಿದ ಊಳು. ಬೇರೆಯವರಾಗಿದ್ದರೆ ಅಳಿಸುತ್ತಿದ್ದರು, ಅವರು ಅದನ್ನೇ ಹಾಡಿನ ಬಾಗಿಲಿಗೆ ತೋರಣ ಕಟ್ಟಿದರು.

ಆದರೆ ಅಯಸ್ಕಾಂತಕ್ಕೆ ಒಂದು ದೊಡ್ಡ ಕಿವುಡು. ಅದಕ್ಕೆ ಕೇಳಿಸುವುದು ಉಕ್ಕು ಮಾತ್ರ. ಮರ ಏನು ಹೇಳಿತು, ಪೆಟ್ಟಿಗೆ ಹೇಗೆ ಉಸಿರಾಡಿತು ಅನ್ನುವುದು ಅದಕ್ಕೆ ಅಷ್ಟಾಗಿ ಗೊತ್ತಾಗೋದಿಲ್ಲ. ನೈಲಾನ್ ತಂತಿಯಂತೂ ಅದರ ಪಾಲಿಗೆ ಇಲ್ಲವೇ ಇಲ್ಲ. ಹಾಗಾಗಿ ರೆಕಾರ್ಡಿನಲ್ಲಿ ಒಂದು, ಸ್ಟೇಜಿನ ಮೇಲೆ ಇನ್ನೊಂದು. 'ಸ್ಟೇರ್‌ವೇ'ಯನ್ನೇ ತೆಗೆದುಕೊಳ್ಳಿ. ರೆಕಾರ್ಡಿನಲ್ಲಿ ಅದು ಅಕೂಸ್ಟಿಕ್ ಗಿಟಾರಿನಿಂದ ಮೆಲ್ಲಗೆ ಕಣ್ಣುಬಿಟ್ಟು ಎಂಟು ನಿಮಿಷದಲ್ಲಿ ಬೆಂಕಿ ಹತ್ತಿಕೊಳ್ಳುವ ಹಾಡು. ಸ್ಟೇಜಿನ ಮೇಲೆ ಜಿಮ್ಮಿ ಪೇಜ್ ಹಿಡಿಯುತ್ತಿದ್ದದ್ದು ಎರಡು ಕತ್ತಿನ ಗಂಡಭೇರುಂಡ: ಒಂದು ಕತ್ತಿಗೆ ಹನ್ನೆರಡು ತಂತಿ, ಇನ್ನೊಂದಕ್ಕೆ ಆರು, ಎರಡೂ ಪೂರ್ತಿ ಇಲೆಕ್ಟ್ರಿಕ್. ಹುಡುಗರು ಗೋಡೆಗೆ ಅಂಟಿಸಿಕೊಳ್ಳುವ ಆ ಚಿತ್ರ ಎಷ್ಟು ಚೆಂದವಿದ್ದರೂ, ಮರದ ದನಿ ಸ್ಟೇಜು ಹತ್ತಲಾರದೆ ಕೆಳಗೇ ಉಳಿದ ಕಥೆಯೂ ಅದರಲ್ಲಿದೆ ಅಂತ ನನಗನ್ನಿಸುತ್ತೆ.

ಈ ಗಂಟನ್ನು ಬಿಡಿಸಿದ್ದು ಒಂದು ಹರಳು. 1880ರಲ್ಲಿ ಫ್ರಾನ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ತೋರಿಸಿದ್ದರು. ಪೀಜೋ ಅನ್ನುವುದು ಇದನ್ನೇ. ಅಮ್ಮನ ಅಡುಗೆಮನೆಯಲ್ಲಿ ಗ್ಯಾಸ್ ಲೈಟರ್ ಟಕ್ ಅಂದಾಗ ಹಾರುವ ಕಿಡಿಯೂ ಇದರದೇ ಕರಾಮತ್ತು. ಕುದುರೆಯ ಮೇಲೆ ತಂತಿಗಳು ಕೂರುವ ಬಿಳಿಯ ಪಟ್ಟಿಯೊಂದಿದೆಯಲ್ಲ, ಇಂಗ್ಲಿಷಿನವರು ಅದನ್ನು ಸ್ಯಾಡಲ್, ಅಂದರೆ ಜೀನು, ಅನ್ನುತ್ತಾರೆ. ನಮ್ಮ ಕುದುರೆಗೆ ಅವರ ಜೀನು ಎಷ್ಟು ಸರಿಯಾಗಿ ಕೂತಿತು! ಆ ಜೀನಿನ ಅಡಿಗೆ ಹರಳಿನ ಪಟ್ಟಿ ಇಟ್ಟರೆ ತಂತಿ ನಡುಗಿದಾಗಲೆಲ್ಲ ಒತ್ತಡ ಏರಿಳಿದು ವಿದ್ಯುತ್ತಾಗುತ್ತದೆ. ಉಕ್ಕೋ ಕಂಚೋ ನೈಲಾನೋ ಅದು ವಿಚಾರಿಸುವುದಿಲ್ಲ. ಇದನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯನಾದ ಚಾರ್ಲ್ಸ್ ಕಾಮನ್ ಮೂಲತಃ ಹೆಲಿಕಾಪ್ಟರ್ ಮಾಡುವ ಎಂಜಿನಿಯರು. ಹೆಲಿಕಾಪ್ಟರಿನಲ್ಲಿ ನಡುಕವನ್ನು ಅಡಗಿಸುವುದೇ ದೊಡ್ಡ ಕೆಲಸ; ಆತ ತನ್ನ ಓವೇಷನ್ ಗಿಟಾರುಗಳಲ್ಲಿ ಅದೇ ನಡುಕವನ್ನು ಓಲೈಸಿದ. 1970ರ ದಶಕದಲ್ಲಿ ಈ ಗಿಟಾರುಗಳು ಸ್ಟೇಜಿನ ತುಂಬ ಕಾಣಿಸಿಕೊಂಡವು.

ಹರಳಿಗೂ ಐಬಿದೆ. ಅದರ ವಿದ್ಯುತ್ತು ತೀರ ಬಡಕಲು, ಉದ್ದ ಕೇಬಲ್ಲಿನಲ್ಲಿ ದಾರಿಯಲ್ಲೇ ಸೊರಗುತ್ತದೆ. ಅದಕ್ಕೇ ಗಿಟಾರಿನ ಪಕ್ಕೆಯಲ್ಲಿ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಬೇಕು. ದನಿ ಒಮ್ಮೊಮ್ಮೆ ಬಾತುಕೋಳಿಯ ಥರ, ಕಟುವಾಗಿ ಬರುತ್ತದೆ. ಆದರೂ ಒಬ್ಬ ಮನುಷ್ಯ ಮರದ ಪೆಟ್ಟಿಗೆ ತೊಟ್ಟು ಓಡಾಡುತ್ತ ಡ್ರಮ್ಮಿನವನಿಗೆ ಎದುರು ನಿಲ್ಲಬಹುದು ಅಂತಾಯ್ತು.

ಈಗ ಹಾಡುಗಳಿಗೆ ಬರೋಣ. ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಎರಡು ತಾಸು ಕರೆಂಟಿರಲಿಲ್ಲ. ಎದುರು ರೂಮಿನ ಶಿಲ್ಲಾಂಗಿನ ಹುಡುಗ ಮೆಟ್ಟಿಲ ಮೇಲೆ ಕೂತು ಒಂದಾದ ಮೇಲೊಂದು ಹಾಡಿದ. ಆಂಪ್ ಇಲ್ಲ, ಸ್ಪೀಕರ್ ಇಲ್ಲ. 'ವಿಶ್ ಯು ವರ್ ಹಿಯರ್'ಗೆ ಏನೂ ಕಮ್ಮಿಯಾಗಲಿಲ್ಲ. ಆಮೇಲೆ ಯಾರೋ ಡೀಪ್ ಪರ್ಪಲ್‌ನ 'ಸ್ಮೋಕ್ ಆನ್ ದ ವಾಟರ್' ಬೇಕು ಅಂದರು. ಗಿಟಾರು ಹಿಡಿದ ಪ್ರತಿಯೊಬ್ಬನೂ ಮೊದಲ ವಾರವೇ ಕಲಿಯುವ ಆ ಪ್ರಸಿದ್ಧ ತುಣುಕು, ಕರೆಂಟಿಲ್ಲದೆ, ಯಾರೋ ಬೀರುವಿನ ಬಾಗಿಲು ಬಡಿದ ಹಾಗಿತ್ತು. ಎಲ್ಲರೂ ನಕ್ಕೆವು, ಅವನೂ ನಕ್ಕ. ನನಗೆ ಮಾತ್ರ ಒಂದು ಪರೀಕ್ಷೆ ಸಿಕ್ಕಿದ ಹಾಗಾಯ್ತು. ಕರೆಂಟು ತೆಗೆದ ಮೇಲೂ ನಿಲ್ಲುವ ಅಸ್ಥಿಪಂಜರ ಯಾವ ಹಾಡಿಗಿದೆ? ಹಳೆಯ ರಾಕ್ ಹಾಡುಗಳಲ್ಲಿ ಅನೇಕವು ಒಂದು ಗಿಟಾರು, ಒಂದು ಕಂಠಕ್ಕೆ ಇಳಿಸಿದರೂ ನಿಲ್ಲುತ್ತವೆ. ಅಬ್ಬರ ಅವಕ್ಕೆ ಮೇಲೆ ತೊಡಿಸಿದ ಅಂಗಿ.

ಇದಕ್ಕೆ ಪುರಾವೆಯನ್ನು ಆ ದೊಡ್ಡವರೇ ಕೊಟ್ಟರು. 1970ರ 'ಲೈಲಾ' ಇಲೆಕ್ಟ್ರಿಕ್ ಗಿಟಾರುಗಳು ಕಿರುಚುವ ಹಾಡು. 1992ರಲ್ಲಿ ಎರಿಕ್ ಕ್ಲಾಪ್ಟನ್ ಅದನ್ನೇ ಕುರ್ಚಿಯ ಮೇಲೆ ಕೂತು, ಅಕೂಸ್ಟಿಕ್ ಗಿಟಾರಿನಲ್ಲಿ, ವೇಗ ಇಳಿಸಿ ಹಾಡಿದ. ಹುಡುಗನ ಹಟ ಹೋಗಿ ನಡುವಯಸ್ಸಿನವನ ನೆನಪಾಯಿತು ಆ ಹಾಡು. ನನಗೆ ಈಗಲೂ ಮೊದಲಿನದೇ ಇಷ್ಟ, ಅದು ಬೇರೆ ಮಾತು. ಹದಿನಾಲ್ಕು ವರ್ಷ ಮಾತುಬಿಟ್ಟಿದ್ದ ಈಗಲ್ಸ್ 1994ರಲ್ಲಿ ಮತ್ತೆ ಕೂಡಿದಾಗ 'ಹೋಟೆಲ್ ಕ್ಯಾಲಿಫೋರ್ನಿಯಾ'ದ ಮೊದಲನ್ನು ನುಡಿಸಿದ್ದು ನೈಲಾನ್ ತಂತಿಯ ಮೇಲೆ. ಅಯಸ್ಕಾಂತಕ್ಕೆ ಕೇಳಿಸದ ತಂತಿ! ಇವು ಬಂದದ್ದು ಎಂಟಿವಿಯ ಮೂಲಕ. 1989ರಲ್ಲಿ ಶುರುವಾದ ಅದರ 'ಅನ್‌ಪ್ಲಗ್ಡ್' ಕಾರ್ಯಕ್ರಮದಿಂದ ಈ ಹುಚ್ಚು ಹಬ್ಬಿತ್ತು. ಹೆಸರೇನೋ ಪ್ಲಗ್ ಕಿತ್ತದ್ದು ಅಂತ, ಆದರೆ 1993ರಲ್ಲಿ ಅಲ್ಲಿ ಹಾಡಿದ ನಿರ್ವಾಣ ತಂಡದ ಕರ್ಟ್ ಕೋಬೇನ್ ಪಿಕಪ್ ಇದ್ದ ಹಳೆಯ ಮಾರ್ಟಿನ್ ಗಿಟಾರನ್ನು ಆಂಪ್ಲಿಫೈಯರಿಗೇ ಜೋಡಿಸಿಕೊಂಡಿದ್ದ. ಆ ಆಂಪ್ ಕಾಣದ ಹಾಗೆ ಮರೆಮಾಡಿದ್ದರು. 2020ರ ಹರಾಜಿನಲ್ಲಿ ಆ ಗಿಟಾರಿಗೆ ಅರವತ್ತು ಲಕ್ಷ ಡಾಲರು ಬಂತು.

ಹಾಡನ್ನು ಹೀಗೆ ಬೆತ್ತಲೆ ನಿಲ್ಲಿಸಿ ನೋಡುವುದು ನಮಗೇನು ಹೊಸದಲ್ಲ. ಶಿಶುನಾಳ ಶರೀಫರ ತತ್ವಪದಗಳು ಒಂದು ಏಕತಾರಿಯ ಜೊತೆಗೇ ನಿಲ್ಲುವಂಥವು. ಅದಕ್ಕೇ ಸಿ. ಅಶ್ವತ್ಥ್ ಅವರ ಕಂಠದಲ್ಲಿ ಕ್ಯಾಸೆಟ್ಟು ಹತ್ತಿ ಮನೆಮನೆಗೆ ಬಂದಾಗಲೂ ನಿಂತವು, ಮೈಸೂರಿನ ರಘು ದೀಕ್ಷಿತ್ ಗಿಟಾರು ಹಿಡಿದು ರಾಕ್ ತಂಡದ ಜೊತೆ ಹಾಡಿದಾಗಲೂ ನಿಂತವು. ಗಿಟಾರಿನಿಂದ ಶರೀಫರು ಕೆಟ್ಟರು ಅಂತ ಗೊಣಗುವ ಹಿರಿಯರು ನಮ್ಮ ಸಂಘದಲ್ಲೂ ಇದ್ದಾರೆ. ಏಕತಾರಿಯಿಂದ ಹಾರ್ಮೋನಿಯಮ್ಮಿಗೆ ಬಂದಾಗ ಕೆಡದವರು ಆರು ತಂತಿಗೆ ಕೆಡುತ್ತಾರೆಯೇ?

ಈ ಬೇಸಗೆಯಲ್ಲಿ ಗಿಟಾರು ಕೊಳ್ಳುವ ಉಮೇದಿರುವವರಿಗೆ ಎರಡು ಮಾತು. ಅಂಗಡಿಯವನು ಮೊದಲು ಆಂಪಿಗೆ ಸಿಕ್ಕಿಸಿಯೇ ತೋರಿಸಬಹುದು, ಬೇಡ ಅನ್ನಿ. ಕೇಬಲ್ ಇಲ್ಲದೆ ನುಡಿಸಿ, ಪಕ್ಕೆಗೆ ಕಿವಿಯಿಟ್ಟು ಕೇಳಿ. ಮರಕ್ಕೆ ದನಿ ಇಲ್ಲದಿದ್ದರೆ ಹರಳು ಎಲ್ಲಿಂದ ತರುತ್ತದೆ? ಹಾಡು ಊಳಿಡುವ ಭಯವಿದ್ದರೆ ತೂತಿಗೆ ಮುಚ್ಚುವ ರಬ್ಬರಿನ ಬಿಲ್ಲೆ ಸಿಗುತ್ತದೆ, ಅದನ್ನೂ ಕೊಂಡುಬಿಡಿ. ಇನ್ನು ಒಂಬತ್ತು ವೋಲ್ಟಿನ ಆ ಬ್ಯಾಟರಿ, ಬಹಳಷ್ಟು ಗಿಟಾರುಗಳಲ್ಲಿ, ಕೇಬಲ್ ಸಿಕ್ಕಿಸಿದ ಕ್ಷಣದಿಂದ ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸಿದರೂ ನಿದ್ದೆಮಾಡಿದರೂ. ಮಲಗುವ ಮುಂಚೆ ಕೇಬಲ್ ಎಳೆದಿಡಿ.